ಉಗುಳೋಕೆ ಮೂರೂವರೆ ಲಕ್ಷ

ಬೆಣ್ಣೆ ದೋಸೆ ಪುಕ್ಕಟೆ ಅಂದರೆ ದಾವಣಗೆರೆಯವರು ಯಾವ ಭಾಷಣ ಬೇಕಾದರೂ ಕೇಳುತ್ತೇವೆ. ಹೋದ ವರ್ಷ ಆಷಾಢದಲ್ಲಿ ನಾನು ಕೇಳಿದ್ದು ದಕ್ಷಿಣ ಆಫ್ರಿಕಾದ ಹೂವಿನ ಬಗ್ಗೆ.

ಬೀಗರು ಫೋನ್ ಮಾಡಿದ್ದರು. "ಭಾನುವಾರ ಹತ್ತಕ್ಕೆ ಹೋಟ್ಲಿಗೆ ಬಂದ್ಬಿಡ್ರಿ. ಟೂರಿನವರು ಮೀಟಿಂಗ್ ಇಟ್ಕಂಡಿದಾರೆ. ವಸಂತ ಪ್ರವಾಸ ಅಂತೆ. ಸಸ್ಯೋದ್ಯಾನ, ವೈನ್ ಸೀಮೆ, ಎಲ್ಲಾ ಗೈಡೇ ತೋರಿಸ್ತಾನಂತೆ. ನಾವು ಸುಮ್ನೆ ಹಿಂದೆ ಹೋದ್ರೆ ಸಾಕಂತೆ." ಸುಮ್ನೆ ಹಿಂದೆ ಹೋಗೋದರಲ್ಲಿ ನಮ್ಮ ಬೀಗರನ್ನು ಮೀರಿಸುವವರಿಲ್ಲ. ಮೂವತ್ತು ವರ್ಷ ರಾಜಕೀಯದಲ್ಲಿದ್ದವರು.

ಹೋಟೆಲಿನ ಮೇಲಿನ ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಅಡಿಕೆ ಮಂಡಿ ಸಾಹುಕಾರರು ಮೊದಲ ಸಾಲಿನಲ್ಲಿ ಕೂತಿದ್ದರು. ಅವರ ಹಿಂದೆ ರಿಟೈರ್ಡ್ ಮೇಷ್ಟ್ರು, ಇಬ್ಬರು ಡಾಕ್ಟರು, ಮದುವೆ ಮಂಟಪ ಅಲಂಕರಿಸುವ ಕಂಟ್ರಾಕ್ಟರು, ಅವರವರ ಮನೆಯವರು. ಮುಂದೆ ಟೈ ಕಟ್ಟಿದ ಹುಡುಗ. ಬೆಂಗಳೂರಿನಿಂದ ಬಂದವನು. ಎರಡು ಮಾತಿಗೊಂದು ಸಲ 'ಎಕ್ಸ್‌ಪೀರಿಯೆನ್ಸ್' ಅನ್ನುತ್ತಿದ್ದ. ಎಲ್ಲರ ಕೈಗೂ ಒಂದೊಂದು ಹೊಳೆಯುವ ಹಾಳೆ ಕೊಟ್ಟ. 8 ರಾತ್ರಿ, 9 ಹಗಲು. ತಲೆಗೆ 3.5 ಲಕ್ಷ. ಹೊರಡೋದು ಸೆಪ್ಟೆಂಬರ್ ಎರಡನೇ ವಾರ.

"ಸೆಪ್ಟೆಂಬರ್‌ನಲ್ಲಿ ಎಂಥಾ ವಸಂತನಪ್ಪಾ?" ಮೇಷ್ಟ್ರು ಎದ್ದು ನಿಂತರು. ರಿಟೈರಾದರೂ ತಪ್ಪು ಕಂಡರೆ ಕೂರೋಕಾಗಲ್ಲ ಅವರಿಗೆ. "ಚೈತ್ರ, ವೈಶಾಖ ವಸಂತ. ಒಂದನೇ ಕ್ಲಾಸಿನ ಮಕ್ಕಳಿಗೂ ಗೊತ್ತು."

"ಸಾರ್, ಅದು ಭೂಮಿಯ ಕೆಳಗಿನ ಅರ್ಧ. ಅಲ್ಲಿ ಎಲ್ಲಾ ಉಲ್ಟಾ. ಸೆಪ್ಟೆಂಬರ್ 1ಕ್ಕೆ ವಸಂತ ಶುರು."

"ಅಲ್ರೀ, ಅವಾಗ ಪಿತೃಪಕ್ಷ ಬರಲ್ವಾ?" ಡಾಕ್ಟರ ಹೆಂಡತಿ ಕೇಳಿದರು. "ಹಿರಿಯರಿಗೆ ಎಡೆ ಇಡೋದು ಬಿಟ್ಟು ಕುಡಿಯೋಕೆ ಹೋಗೋದಾ?" ಹಿಂದಿನ ಸಾಲಿನಿಂದ ಯಾರೋ ಹೇಳಿದರು: "ನಮ್ಮಪ್ಪನ ಎಡೇಲಿ ಕ್ವಾರ್ಟರ್ ಇಡ್ತೀವಿ ಬಿಡ್ರಿ. ಅವರೂ ಬಂದಂಗಾಗುತ್ತೆ." ಹುಡುಗ ಇದನ್ನೂ ಎಕ್ಸ್‌ಪೀರಿಯೆನ್ಸ್ ಅಂತ ಬರೆದುಕೊಂಡನೋ ಏನೋ.

ಹುಡುಗ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕೇಪ್‌ಟೌನ್ ಕಡೆ ಮಳೆ ಬರೋದು ಚಳಿಗಾಲದಲ್ಲಿ. ಮೇ ತಿಂಗಳಿಂದ ಆಗಸ್ಟ್‌ವರೆಗೆ ನೆಲ ನೆನೆಯುತ್ತೆ. ಆಮೇಲೆ ಬಿಸಿಲು ಬಿದ್ದ ಕೂಡಲೇ ಬಯಲೆಲ್ಲ ಹೂವು. ಅಲ್ಲಿನ ವೆಸ್ಟ್ ಕೋಸ್ಟ್ ರಾಷ್ಟ್ರೀಯ ಉದ್ಯಾನದಲ್ಲಿ ಪೋಸ್ಟ್‌ಬರ್ಗ್ ಅಂತ ಒಂದು ಭಾಗವನ್ನು ವರ್ಷಕ್ಕೆ ಎರಡೇ ತಿಂಗಳು, ಆಗಸ್ಟ್ ಮತ್ತು ಸೆಪ್ಟೆಂಬರ್‌ನಲ್ಲಿ, ಹೂವು ನೋಡಲೆಂದೇ ತೆರೆಯುತ್ತಾರೆ. ಆ ಹೂವುಗಳಿಗೆ ಒಂದು ಗತ್ತು ಇದೆ. ಬಿಸಿಲು ಚೆನ್ನಾಗಿ ಏರಿದ ಮೇಲೆ ಅರಳುತ್ತವೆ. ಮಧ್ಯಾಹ್ನ ನಾಲ್ಕಕ್ಕೆಲ್ಲ ಮುಚ್ಚಿಕೊಳ್ಳುತ್ತವೆ. ಮೋಡ ಇದ್ದರೆ ಆ ದಿನ ಅರಳೋದೇ ಇಲ್ಲ. ಕೇಳಿದ ಕೂಡಲೇ ಹಾಲಿನಲ್ಲಿದ್ದವರಿಗೆಲ್ಲ ಯಾವುದೋ ಕಚೇರಿ ನೆನಪಾಯಿತು. ಇಂಥ ಸೇವೆ ನೋಡೋಕೆ ವಿಮಾನ ಯಾಕೆ ಹತ್ತಬೇಕು?

ಇನ್ನೊಂದು ವಿಷಯ. ಆ ಹೂವುಗಳು ಸೂರ್ಯನ ಕಡೆಗೇ ಮುಖ ಮಾಡಿರುತ್ತವೆ. ಅಲ್ಲಿ ಸೂರ್ಯ ಉತ್ತರಕ್ಕಿರುತ್ತಾನೆ. ಹಾಗಾಗಿ ನೋಡುವವರು ಬೆನ್ನಿಗೆ ಬಿಸಿಲು ಮಾಡಿಕೊಂಡು ಹೋಗಬೇಕು, ಇಲ್ಲದಿದ್ದರೆ ಹೂವಿನ ಬೆನ್ನಷ್ಟೇ ಕಾಣೋದು. ಬೀಗರು ನನ್ನ ತೊಡೆ ತಟ್ಟಿದರು. "ಉತ್ತರಕ್ಕೆ ಮುಖ! ವಾಸ್ತು ಪ್ರಕಾರ ಐತೆ ನೋಡ್ರಿ." ಹೋದ ವರ್ಷ ಗೇಟು ಕಿತ್ತು ಉತ್ತರಕ್ಕೆ ತಿರುಗಿಸಿದವರು ಅವರು. ಆಮೇಲೂ ಟಿಕೆಟ್ ಸಿಗಲಿಲ್ಲ.

ಪರದೆ ಮೇಲೆ ಕರ್ಸ್ಟನ್‌ಬಾಷ್ ಬಂತು. ಟೇಬಲ್ ಮೌಂಟನ್ ಬುಡದಲ್ಲಿರೋ ಸಸ್ಯೋದ್ಯಾನ. ಶುರುವಾಗಿದ್ದು 1913ರಲ್ಲಿ. ಆ ದೇಶದ್ದೇ ಗಿಡಗಳನ್ನು ಬೆಳೆಸಬೇಕು ಅಂತಲೇ ಮಾಡಿದ ತೋಟ. ಮರಗಳ ತಲೆ ಮೇಲೆ ಹಾವಿನ ಹಾಗೆ ಹೋಗುವ 130 ಮೀಟರ್ ಉದ್ದದ ಸೇತುವೆ ಇದೆ. ಹುಲ್ಲಿನ ಮೇಲೆ ಕುಟುಂಬಗಳು ಚಾದರ ಹಾಸಿ ಕೂತು ಊಟ ಮಾಡುತ್ತಿದ್ದವು.

"ಹುಲ್ಲಿನ ಮೇಲೆ ಕೂರಬಹುದಾ?" ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಬರೋದು ಹೇಗೆ? ನಮ್ಮ ಬಡಾವಣೆ ಪಾರ್ಕಿನಲ್ಲಿ ಗಿಡಕ್ಕಿಂತ ಬೋರ್ಡ್ ಜಾಸ್ತಿ. ಹುಲ್ಲು ತುಳಿಯಬೇಡಿ. ಹೂ ಕೀಳಬೇಡಿ. ಚೆಂಡಾಟ ಆಡಬೇಡಿ. ಜೋಡಿಯಾಗಿ ಕೂರಬೇಡಿ. ಹೆಸರು ಮಾತ್ರ ಉದ್ಯಾನ. ಒಳಗೆ ಕಾಂಕ್ರೀಟ್ ಜಿಂಕೆ, ಕಾಂಕ್ರೀಟ್ ಅಣಬೆ, ನಾಲ್ಕು ಕ್ರೋಟನ್.

ಅಲ್ಲೂ ವಸಂತ ಬರುತ್ತೆ, ಬರಲ್ಲ ಅಂತ ನಾನು ಹೇಳಲ್ಲ. ಬೆಳಗ್ಗೆ 5:30ಕ್ಕೆ ಬಂದು 6:15ಕ್ಕೆ ಮುಗಿಯುತ್ತೆ. ವಾಕಿಂಗಿಗೆ ಅಂತ ಬರುವ ಅಜ್ಜಿಯರ ಕೈಯಲ್ಲಿ ಒಂದೊಂದು ಪ್ಲಾಸ್ಟಿಕ್ ಕವರ್, ಒಂದೊಂದು ಕೊಕ್ಕೆ ಕೋಲು. 'ಹೂ ಕೀಳಬೇಡಿ' ಬೋರ್ಡಿನ ಕಂಬಕ್ಕೇ ಕವರ್ ನೇತುಹಾಕಿ, ಎರಡೂ ಕೈಯಲ್ಲಿ ಕೊಂಬೆ ಬಗ್ಗಿಸಿ, ದಾಸವಾಳ, ಕಣಗಿಲೆ, ನಂದಿಬಟ್ಟಲು ಒಂದೂ ಬಿಡದ ಹಾಗೆ ಕೀಳುತ್ತಾರೆ. ಮೊಗ್ಗನ್ನೂ ಬಿಡಲ್ಲ, ನಾಳೆ ಅರಳಿದರೆ ಬೇರೆಯವರು ಕಿತ್ತಾರು ಅಂತ. ಕೇಳಿದರೆ, "ದೇವರಿಗೆ ಕಣಪ್ಪಾ." ದೇವರ ಹೆಸರು ಬಂದ ಮೇಲೆ ವಾಚ್‌ಮನ್ ಏನು ಮಾಡುತ್ತಾನೆ? ಅವನೂ ಎರಡು ಹೂವು ಇಸ್ಕೊಂಡು ತನ್ನ ರೂಮಿನ ಫೋಟೋಗೆ ಇಡುತ್ತಾನೆ.

ಆಮೇಲೆ ಪೆಂಗ್ವಿನ್ ಬಂದವು. ಕೇಪ್‌ಟೌನ್ ಪಕ್ಕದ ಬೌಲ್ಡರ್ಸ್ ಬೀಚಿನಲ್ಲಿ ನಿಜವಾದ ಆಫ್ರಿಕನ್ ಪೆಂಗ್ವಿನ್‌ಗಳಿವೆ. ಸಾಹುಕಾರರ ಮೊಮ್ಮಗ ಚಪ್ಪಾಳೆ ತಟ್ಟಿದ. "ತಾತ, ನಮ್ಮ ಪಾರ್ಕಿಂದು!" ಪಾಪ, ಮಗು ಕಂಡಿದ್ದ ಪೆಂಗ್ವಿನ್ ಬಾಯಿ ತೆರೆದು ನಿಂತಿರೋ ಕಸದ ಡಬ್ಬ.

ಪರದೆ ಮೇಲೆ ಕೆಂಪು, ಹಳದಿ, ಕಿತ್ತಳೆ ಬಣ್ಣದ ದುಂಡನೆ ಹೂವು ಬಂತು. "ಇದು ಅಲ್ಲಿನ ಕಾಡು ಹೂವಿನ ಜಾತಿ. ಸೌತ್ ಆಫ್ರಿಕಾದ ಹೆಮ್ಮೆ" ಅಂದ ಹುಡುಗ. ಮಂಟಪದ ಕಂಟ್ರಾಕ್ಟರು ತಲೆ ಎತ್ತಿದರು. "ತಮ್ಮಾ, ಇದು ಜರ್ಬೆರಾ ಅಲ್ವಾ? ವಾರಕ್ಕೆ ಎರಡು ಮದುವೆಗೆ ಹೊಡೀತೀನಿ. ಕಾರಿನ ಬಾನೆಟ್ಟಿಗೆ, ಸ್ಟೇಜಿನ ಹಿಂದಕ್ಕೆ. ಬೆಳಗ್ಗೆ ಕಟ್ಟಿದ್ದು ಸಂಜೆಗೆ ತಿಪ್ಪೆಗೆ." ಅವರು ಹೇಳಿದ್ದೇ ಸರಿ. ಜರ್ಬೆರಾದ ತವರು ದಕ್ಷಿಣ ಆಫ್ರಿಕಾ. ನಮ್ಮ ಮಗಳ ಆರತಕ್ಷತೆಯಲ್ಲಿ ಬೀಗರು ಅದಕ್ಕೇ ಬೆನ್ನು ಹಾಕಿಕೊಂಡು ಮೂರು ತಾಸು ಫೋಟೋಗೆ ನಿಂತಿದ್ದರು. ಈಗ ಅದರ ಮುಖ ನೋಡೋಕೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ಹಾರಬೇಕು.

ಗಾಜಿನ ಮನೆ ನಮ್ಮೂರಲ್ಲೂ ಇದೆ. ಲಾಲ್‌ಬಾಗಿನದಕ್ಕಿಂತ ದೊಡ್ಡದು ಅಂತ ನೆಂಟರಿಗೆಲ್ಲ ಹೇಳುತ್ತೇವೆ. ನೀವು ಒಳಗೆ ಹೋಗಿದ್ದು ಯಾವಾಗ ಅಂತ ಬೀಗರನ್ನು ಕೇಳಿದೆ. "ನೆಂಟರು ಬಂದಾಗ" ಅಂದರು. ಇನ್ನು ನಮ್ಮ ವಸಂತ. ಚಿತ್ರದುರ್ಗದ ದಾರಿಯಲ್ಲಿ ಯುಗಾದಿ ಹೊತ್ತಿಗೆ ಹೊಂಗೆಯ ಚಿಗುರು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತೆ. ಬೇವು ಹೂ ಬಿಟ್ಟಿರುತ್ತೆ. ಆ ದಾರಿಯಲ್ಲಿ ನಾವು ಗಾಜು ಏರಿಸಿ, ಎಸಿ ಹಾಕಿ, ನೂರರಲ್ಲಿ ಹೋಗುತ್ತಾ "ಏನ್ ಬಿಸಿಲಪ್ಪಾ" ಅನ್ನುತ್ತೇವೆ. ಅಲ್ಲಿ ಬಾವುಟ ಹಿಡಿದು ನಿಲ್ಲಿಸುವ ಗೈಡ್ ಇಲ್ಲ ನೋಡಿ.

ಇನ್ನು ವೈನಿನ ಮಾತು. ಇಲ್ಲಿ ಹಾಲಿಗೆ ಜೀವ ಬಂತು.

ಹುಡುಗ ಸ್ಟೆಲೆನ್‌ಬಾಷ್ ಅಂದ. 1679ರಲ್ಲಿ ಡಚ್ಚರ ಕಮಾಂಡರ್ ಸೈಮನ್ ವಾನ್ ಡೆರ್ ಸ್ಟೆಲ್ ಕಟ್ಟಿದ ಊರು. ಸ್ಟೆಲ್‌ನ ಕಾಡು ಅಂತ ಅರ್ಥ. ಅವರ ಬಾಷ್ ನಮ್ಮ ಕೆರೆ ಇದ್ದ ಹಾಗೆ, ಊರಿನ ಹೆಸರಿಗೆ ಅಂಟಿಕೊಂಡಿರುತ್ತೆ. ಅದೇ ಕಮಾಂಡರ್ 1685ರಲ್ಲಿ ಕಾನ್‌ಸ್ಟಾನ್ಷಿಯಾದಲ್ಲಿ ತೋಟ ಮಾಡಿದ. ಅಲ್ಲಿ ಇವತ್ತಿಗೂ ವೈನ್ ತೆಗೆಯುತ್ತಾರೆ. ಪಿನೋಟಾಜ್ ಅನ್ನೋ ದ್ರಾಕ್ಷಿ ತಳಿ ಹುಟ್ಟಿದ್ದೂ ಸ್ಟೆಲೆನ್‌ಬಾಷ್‌ನಲ್ಲೇ, 1925ರಲ್ಲಿ, ಎರಡು ಫ್ರೆಂಚ್ ತಳಿಗಳ ಮದುವೆ ಮಾಡಿಸಿ.

"ತಳಿ ಬಿಡು. ಅವಾಗ ಗಿಡದಾಗೆ ಹಣ್ಣು ಇರ್ತಾವೋ?" ಸಾಹುಕಾರರು ಕೇಳಿದರು. ತೋಟ ಮಾಡಿದವರ ಪ್ರಶ್ನೆ.

ಹುಡುಗ ಸ್ವಲ್ಪ ತಡವರಿಸಿದ. ಅಲ್ಲಿ ಕೊಯ್ಲು ಫೆಬ್ರುವರಿ, ಮಾರ್ಚ್‌ನಲ್ಲಿ. ಚಳಿಗಾಲದಲ್ಲಿ ಬಳ್ಳಿ ಸವರಿರುತ್ತಾರೆ. ಸೆಪ್ಟೆಂಬರ್‌ನಲ್ಲಿ ಆಗ ತಾನೇ ಕಣ್ಣು ಒಡೆಯುತ್ತಿರುತ್ತೆ. "ಅದೇ ಬ್ಯೂಟಿ ಸಾರ್. ಬಡ್ ಬ್ರೇಕ್ ಎಕ್ಸ್‌ಪೀರಿಯೆನ್ಸ್."

ಅಂದರೆ ಬೋಳು ಕಡ್ಡಿ. ವಿಜಯಪುರದ ಕಡೆ ಹೀಗೆ ಬಳ್ಳಿ ಸವರೋದಕ್ಕೆ ಚಾಟ್ನಿ ಅಂತಾರೆ. ಏಪ್ರಿಲ್‌ನಲ್ಲಿ ಒಂದು ಚಾಟ್ನಿ, ಅಕ್ಟೋಬರ್‌ನಲ್ಲಿ ಒಂದು ಚಾಟ್ನಿ. ಎರಡು ಸಲ ಸವರಿ ಒಂದು ಸಲ ಹಣ್ಣು ತೆಗೆಯೋದು. ಅಲ್ಲಿ ಹಣ್ಣು ತೂಗುವುದು ಬೇಸಿಗೆ ಶುರುವಿನಲ್ಲಿ. ಬಸ್ಸಿನಲ್ಲಿ ಒಂದು ರಾತ್ರಿ ಪ್ರಯಾಣ. ಹೋಗಿ ನೋಡಿದವರು ಈ ಹಾಲಿನಲ್ಲಿ ಒಬ್ಬರೂ ಇರಲಿಲ್ಲ. ನಾನೂ ಹೋಗಿಲ್ಲ. ಚಟ್ನಿ ಬಿಟ್ಟರೆ ಬೇರೆ ಚಾಟ್ನಿ ಇದೆ ಅಂತ ಗೊತ್ತಾಗಿದ್ದೇ ಅಳಿಯನಿಂದ.

ಹಾಗೆ ನೋಡಿದರೆ ನಾವಿರೋದೇ ವೈನ್ ಸೀಮೆಯಲ್ಲಿ. ನಮ್ಮೂರ ಸರ್ಕಲ್‌ಗಳಲ್ಲಿ ನಿಂತು ಸುತ್ತ ನೋಡಿ. ಎಷ್ಟು 'ವೈನ್ಸ್' ಬೋರ್ಡುಗಳು! ಒಳಗೆ ರಮ್ಮು, ಬ್ರಾಂದಿ, ವಿಸ್ಕಿ ಇರುತ್ತೆ. ವೈನ್ ಕೇಳಿ ನೋಡಿ, ಅಂಗಡಿಯವನು ಕನ್ನಡಕ ಮೇಲೆ ಮಾಡಿ ನೋಡುತ್ತಾನೆ. ಒಮ್ಮೆ ನಾನು ಕ್ರಿಸ್‌ಮಸ್ ಕೇಕಿಗೆ ಅಂತ ಕೇಳಿದ್ದೆ. "ಹೆಂಗಸರಿಗಾ ಸಾರ್?" ಅಂದ. ಧೂಳು ಒರೆಸಿ ಕೊಟ್ಟ. ಸರ್ಕಾರ 2007ರಲ್ಲೇ ದ್ರಾಕ್ಷಾರಸ ನೀತಿ ಮಾಡಿದೆ, ದ್ರಾಕ್ಷಾರಸಕ್ಕೆ ಅಂತಲೇ ಒಂದು ಮಂಡಳಿ ಮಾಡಿದೆ. ಧೂಳು ಮಾತ್ರ ಹಾಗೇ ಇದೆ.

ಹಾಳೆಯ ಹಿಂದೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು ಇತ್ತು. ನಮ್ಮದೇ ಅಡುಗೆಯವರು ಜೊತೆಗೆ ಬರುತ್ತಾರೆ, ಜೋಳದ ರೊಟ್ಟಿ ಇರುತ್ತೆ, ಶೇಂಗಾ ಚಟ್ನಿ ಇರುತ್ತೆ, ಶುದ್ಧ ಸಸ್ಯಾಹಾರ, 'ಇದು ಮದ್ಯಮುಕ್ತ ಕೌಟುಂಬಿಕ ಪ್ರವಾಸ'. ವೈನ್ ಸೀಮೆಗೆ ಮದ್ಯಮುಕ್ತ ಪ್ರವಾಸ! ಹಾಗಾದರೆ ಕುಡಿಯೋದು ಹೇಗೆ ಅಂತ ನಾನೇ ಕೇಳಿದೆ. ಹುಡುಗ ನಕ್ಕ. "ಅದು ಕುಡಿಯೋದಲ್ಲ ಸಾರ್. ಟೇಸ್ಟಿಂಗ್."

ಈ ಒಂದು ಮಾತಿಗೆ ಆ ಹುಡುಗನಿಗೆ ಸಂಬಳ ಜಾಸ್ತಿ ಮಾಡಬೇಕು. ಹಾಲಿನಲ್ಲಿದ್ದ ಅರ್ಧ ಜನರ ಮುಖ ಅರಳಿತು. ಬಿಸಿಲು ಬಿದ್ದ ಹಾಗೆ. "ನಮ್ಮ ಮನೆತನದಲ್ಲಿ ಬಾರ್ ಮೆಟ್ಟಿಲು ಹತ್ತಿದವರಿಲ್ಲ" ಅನ್ನುವ ಡಾಕ್ಟರ ಹೆಂಡತಿ ಕೂಡ, "ಟೇಸ್ಟಿಂಗ್ ಅಂದ್ರೆ ತೀರ್ಥ ಇದ್ದಂಗೆ ಅಲ್ವಾ?" ಅಂದರು.

ಪೇಪರ್ ಲೋಟದಲ್ಲಿ ದ್ರಾಕ್ಷಿ ಜ್ಯೂಸು ಹಂಚಿ ಹುಡುಗ ಅಭ್ಯಾಸ ಮಾಡಿಸಿದ. ಮೊದಲು ಓರೆ ಮಾಡಿ ಬಣ್ಣ ನೋಡಬೇಕು. ಆಮೇಲೆ ಗಿರಗಿರ ತಿರುಗಿಸಬೇಕು. ಇಲ್ಲಿ ಮೂರು ಸೀರೆ, ಒಂದು ಬಿಳಿ ಅಂಗಿ ಹಾಳಾದವು. ಮೂಗು ಇಡಬೇಕು. ಒಂದು ಗುಟುಕು ತಗೊಂಡು ಬಾಯೆಲ್ಲ ಆಡಿಸಬೇಕು. ಕೊನೆಗೆ, ಎದುರಿಗಿಟ್ಟ ಬಕೆಟ್ಟಿಗೆ ಉಗುಳಬೇಕು.

"ಉಗುಳಬೇಕಾ?" ಸಾಹುಕಾರರು ಕೂತಲ್ಲೇ ನೆಟ್ಟಗಾದರು. "ದುಡ್ಡು ಕೊಟ್ಟು?"

"ಹೌದು ಸಾರ್. ಎಕ್ಸ್‌ಪರ್ಟ್‌ಗಳೆಲ್ಲ ಉಗುಳ್ತಾರೆ. ಹತ್ತಾರು ವೈನ್ ರುಚಿ ನೋಡಬೇಕಲ್ವಾ?"

ಸಾಹುಕಾರರು ಮಾತಾಡಲಿಲ್ಲ. ಜೇಬಿನಿಂದ ಒಂದು ಇಡೀ ಅಡಿಕೆ ತೆಗೆದರು. ಜೊತೆಗೆ ಅಡಕತ್ತರಿ. ಕಟ್ ಅಂತ ಎರಡು ಹೋಳು. ಕಿಟಕಿ ಬೆಳಕಿಗೆ ಹಿಡಿದು ಒಳಗಿನ ಬಿಳಿ ಗೆರೆ, ಕೆಂಪು ಗೆರೆ ನೋಡಿದರು. ಮೂಗಿಗೆ ತಂದರು. ಒಂದು ಚೂರು ದವಡೆಗೆ ಇಟ್ಟು ಎರಡು ಸಲ ಅಗಿದರು. ಕಣ್ಣು ಮುಚ್ಚಿದರು. "ಚನ್ನಗಿರಿ ಕಡೇದು. ರಾಶಿ. ಒಣಗಿಸೋವಾಗ ಒಂದು ದಿನ ಮೋಡ ಆಗೈತೆ" ಅಂದು ಬಕೆಟ್ಟಿಗೆ ಪಿಚಕ್ ಅಂತ ಉಗುಳಿದರು. ಒಂದು ಹನಿ ಆಚೆ ಬೀಳಲಿಲ್ಲ. ರಾಶಿ, ಬೆಟ್ಟೆ, ಸರಕು, ಗೊರಬಲು, ಅಡಿಕೆಯ ಯಾವ ಬಗೆಯನ್ನೂ ಅವರು ನಲವತ್ತು ವರ್ಷದಿಂದ ಹೀಗೇ ಹೇಳುತ್ತಾ ಬಂದಿದ್ದಾರೆ. ಬಾವುಟ ಹಿಡಿದು ಅವರ ಮಂಡಿಗೆ ಯಾರನ್ನೂ ಯಾರೂ ಕರೆದುಕೊಂಡು ಬಂದಿಲ್ಲ, ಅಷ್ಟೇ. ಹುಡುಗ ಬಾಯಿ ಬಿಟ್ಟುಕೊಂಡು ನಿಂತಿದ್ದ, ಪಾರ್ಕಿನ ಪೆಂಗ್ವಿನ್ ಥರ.

ಅಷ್ಟಾದರೂ ಸಾಹುಕಾರರೇ ಮೊದಲು ಚೆಕ್ ಬರೆದರು. ಬೀಗರು ಎರಡನೆಯವರು. ಯಾರಾದರೂ ಮುಂದೆ ಹೋದರೆ ಸಾಕು ಅವರಿಗೆ.

ಹೋದರು, ಬಂದರು. ದೀಪಾವಳಿ ಹೊತ್ತಿಗೆ ಅದೇ ಹಾಲಿನಲ್ಲಿ ಅನುಭವ ಹಂಚಿಕೊಳ್ಳುವ ಕಾರ್ಯಕ್ರಮ. ದೋಸೆ ಇತ್ತು, ಹೋದೆ. ಬಂದವರಿಗೆಲ್ಲ ಟೂರಿನವರು ಒಂದೊಂದು ಜರ್ಬೆರಾ ಕೊಟ್ಟು ಸ್ವಾಗತ ಮಾಡಿದರು. ಬೀಗರು ಅದನ್ನು ಕುರ್ಚಿ ಕೆಳಗೆ ಇಟ್ಟು ಮೊಬೈಲಿನಲ್ಲಿ ಹೂವಿನ ಫೋಟೋ ತೋರಿಸಿದರು. ಪೋಸ್ಟ್‌ಬರ್ಗ್‌ಗೆ ಹೋದ ದಿನ ಮೋಡ ಇತ್ತಂತೆ. ಹೂವು ಒಂದೂ ಅರಳಿರಲಿಲ್ಲ. ಆದ್ದರಿಂದ ಫೋಟೋದಲ್ಲಿ ಹೂವಿಲ್ಲ, ಬಾವುಟ ಇದೆ, ಬಾವುಟದ ಹಿಂದೆ ಬೀಗರಿದ್ದಾರೆ. ದ್ರಾಕ್ಷಿ ತೋಟದ ಫೋಟೋದಲ್ಲಿ ಕಡ್ಡಿಗಳಿವೆ. ಪೆಂಗ್ವಿನ್ ಚೆನ್ನಾಗಿ ಬಂದಿದೆ. ಡಾಕ್ಟರ ಮನೆಯವರು ತಂದ ಪಿನೋಟಾಜ್ ಬಾಟಲಿ ಶೋಕೇಸಿನಲ್ಲಿ ಗಂಗಾಜಲದ ಪಕ್ಕ ಇದೆಯಂತೆ. ಬಂದವರಿಗೆ 'ದ್ರಾಕ್ಷಿ ಕಷಾಯ' ಅಂತಾರಂತೆ.

ಸಾಹುಕಾರರು ಅಲ್ಲಿ ಆರು ತೋಟದಲ್ಲಿ ಉಗುಳಿ ಬಂದಿದ್ದಾರೆ. ಎಲ್ಲಾ ಕಡೆ ಬೆಳ್ಳಿ ಬಣ್ಣದ ಬಕೆಟ್ಟಂತೆ, ಪಕ್ಕದಲ್ಲಿ ಮಡಚಿಟ್ಟ ಬಿಳಿ ಬಟ್ಟೆಯಂತೆ. "ಏನ್ ಮರ್ಯಾದೆ ಕೊಡ್ತಾರ್ರೀ ಉಗುಳಿಗೆ" ಅನ್ನುತ್ತಾ ನನ್ನ ಜೊತೆ ಮೆಟ್ಟಿಲು ಇಳಿದರು. ಬಾಯಲ್ಲಿ ಎಲೆ ಅಡಿಕೆ ಇತ್ತು. ಮೂಲೆಗೆ ಬಂದಾಗ ನಿಂತರು. ಅಲ್ಲಿ ಗಣಪತಿ ಟೈಲ್ಸು. ಕೆಳಗಿನ ಮೂಲೆಯಲ್ಲಿ ಯೇಸು, ಅದರ ಕೆಳಗೆ ಮೆಕ್ಕಾ. ಯಾರೂ ಉಗುಳಬಾರದು ಅಂತ ಹೋಟೆಲಿನವರು ಎಲ್ಲಾ ಮೂಲೆಗೂ ಅಂಟಿಸಿದ್ದರು. ಸಾಹುಕಾರರು ಕೆನ್ನೆ ಉಬ್ಬಿಸಿಕೊಂಡು ಮೂರು ಮಹಡಿ ಇಳಿದರು. ಬಾಗಿಲ ಪಕ್ಕ ದೇವರಿಲ್ಲದ ಒಂದು ಮೂಲೆ ಸಿಕ್ಕಿತು.

"ಏ ಯಜಮಾನ್ರೇ, ಇಲ್ಲಿ ಉಗುಳಂಗಿಲ್ಲ!" ವಾಚ್‌ಮನ್ ಓಡಿ ಬಂದ.

ಸಾಹುಕಾರರು ಬಾಯಿ ಒರೆಸಿಕೊಂಡರು.

"ಉಗುಳಿಲ್ಲ ಕಣೋ ತಮ್ಮಾ. ಟೇಸ್ಟಿಂಗ್."