ಉದ್ದ ತೋಳಿನ ಟೆಂಡರ್

ಕೋಲಾರ ಜಿಲ್ಲೆಯ ಕೆರೆಯೊಂದರ ಹೂಳೆತ್ತಿ ಜಾಲಿ ಕಿತ್ತುಹಾಕುವ ಕಾಮಗಾರಿಗೆ ಟೆಂಡರ್ ಕರೆದ ಸುದ್ದಿ ತಿಳಿದ ನನ್ನ ಸೋದರಳಿಯ, ಮೇಷ್ಟರಾಗಿ ನಿವೃತ್ತನಾದ ನನ್ನನ್ನು ಡೂಂ ಲೈಟ್ ವೃತ್ತದ ಬಳಿಯ ಜೆರಾಕ್ಸ್ ಅಂಗಡಿಗೆ ಕರೆದೊಯ್ದ. "ಮಾವಾ, ಹೂಳು ತೆಗೆಯೋದು ನನಗೆ ಗೊತ್ತು, ತೆಗೀತೀನಿ ಅಂತ ಬರೆಯೋದು ಗೊತ್ತಿಲ್ಲ" ಎಂಬುದು ಅವನ ಅಳಲು.

ಸಾರ್ವಜನಿಕ ಸಂಗ್ರಹಣೆಯಲ್ಲಿ, ಅಂದರೆ ಸರ್ಕಾರದ ಖರೀದಿ-ಕಾಮಗಾರಿಗಳಲ್ಲಿ, ಪಾರದರ್ಶಕತೆ ಇರಲೆಂದು ನಮ್ಮ ರಾಜ್ಯ 1999ರಲ್ಲಿಯೇ ಕೆಟಿಪಿಪಿ ಕಾಯ್ದೆಯನ್ನು ಮಾಡಿಕೊಂಡಿದೆ. ಆ ಪಾರದರ್ಶಕತೆ ಈಗ ಎಷ್ಟು ಸಿದ್ಧಿಸಿದೆಯೆಂದರೆ, ಕೆಲಸ ಯಾರಿಗೆ ಸಿಗಲಿದೆ ಎಂಬುದು ಷರತ್ತುಗಳನ್ನು ಓದುತ್ತಿದ್ದಂತೆಯೇ ಸ್ವಚ್ಛವಾಗಿ ಕಾಣಿಸುತ್ತದೆ. ಬಿಡ್‌ದಾರನ ಬಳಿ ಮೂರು ವರ್ಷದೊಳಗೆ ಕೊಂಡ ನಾಲ್ಕು ಹಿಟಾಚಿಗಳು ಸ್ವಂತದ್ದಿರಬೇಕು, ಅವುಗಳಲ್ಲಿ ಒಂದಕ್ಕೆ ಉದ್ದ ತೋಳಿರಬೇಕು ಎಂದಿತ್ತು. ಮೊಣಕಾಲುದ್ದದ ಕೆರೆಗೆ ಅಂಥ ತೋಳೇಕೆ ಎಂದು ನಾನು ಕೇಳಿದಾಗ, ಜೆರಾಕ್ಸ್ ಅಂಗಡಿಯ ಹುಡುಗ ತಲೆಯೆತ್ತದೆ, "ಸಾರ್, ಅದು ಕೆರೆಗಲ್ಲ" ಎಂದ.

ಆದರೂ ಬರೆದೆವು. ತಾಂತ್ರಿಕ ಲಕೋಟೆಯಲ್ಲಿ ತೇರ್ಗಡೆಯಾದವರ ದರದ ಲಕೋಟೆಯನ್ನು ಮಾತ್ರ ತೆರೆಯುವುದರಿಂದ, ಎಷ್ಟು ಕಡಿಮೆ ಹಣಕ್ಕೆ ಮಾಡುತ್ತೇವೆ ಎನ್ನುವುದಕ್ಕಿಂತ ಎಷ್ಟು ಕಾಗದ ಇಟ್ಟಿದ್ದೇವೆ ಎನ್ನುವುದೇ ಮುಖ್ಯ. ಆಡಿಟರರ ವಹಿವಾಟು ಪತ್ರ, ಜಿಎಸ್‌ಟಿ, ಇಎಂಡಿ ಎಂಬ ಬಿಡ್ ಠೇವಣಿ, ಕಪ್ಪುಪಟ್ಟಿಗೆ ಸೇರಿಲ್ಲವೆಂಬ ನೋಟರಿ ಪ್ರಮಾಣಪತ್ರ ಎಲ್ಲವೂ ಸೇರಿದವು. ಕಾರ್ಯವಿಧಾನದ ಅಧ್ಯಾಯಕ್ಕೆ ಅಂಗಡಿಯವನು ಕೊಟ್ಟ ಹಳೆಯ ಮಾದರಿಯಲ್ಲಿ, ಭರತ-ಇಳಿತದ ವೇಳೆ ನೋಡಿಕೊಂಡು ಯಂತ್ರಗಳನ್ನು ದಡಕ್ಕೆ ಸರಿಸಲಾಗುವುದೆಂಬ ಸಾಲಿತ್ತು. ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆಯಲ್ಲಿ ಕುಳಿತು ಸಮುದ್ರವನ್ನು ಅಳಿಸಿಹಾಕಿದ ತೃಪ್ತಿ ನನ್ನದು. ಪುಟಪುಟಕ್ಕೂ ಸಹಿ, ಮೊಹರು, ಸ್ಕ್ಯಾನು. ಕೊನೆಯ ದಿನ ತಡೆತಡೆದು ತೆರೆದುಕೊಳ್ಳುತ್ತಿದ್ದ ಪೋರ್ಟಲ್‌ಗೆ ಡಿಜಿಟಲ್ ಸಹಿಯ ಪೂಜೆಯೂ ಆಯಿತು.

ನಮ್ಮ ಬಿಡ್ ತಿರಸ್ಕೃತವಾಯಿತು. ಉದ್ದ ತೋಳಿಲ್ಲದ್ದು ಕಾರಣವಾಗಿದ್ದರೆ ಒಪ್ಪಬಹುದಿತ್ತು. "ಈ ಪುಟವನ್ನು ಉದ್ದೇಶಪೂರ್ವಕವಾಗಿ ಖಾಲಿ ಬಿಡಲಾಗಿದೆ" ಎಂದು ಅವರೇ ಮುದ್ರಿಸಿದ್ದ 87ನೆಯ ಪುಟಕ್ಕೆ ನಾವು ಮೊಹರು ಒತ್ತಿರಲಿಲ್ಲವಂತೆ. ಗೆದ್ದವರ ಕಾರ್ಯವಿಧಾನವನ್ನು ಆಮೇಲೆ ಓದಿದೆ. ಅದರಲ್ಲಿ ಭರತ-ಇಳಿತ ಹಾಗೆಯೇ ಇತ್ತು, ಪ್ರತಿ ಪುಟದಲ್ಲೂ ಮೊಹರಿತ್ತು.

ಈಗ ಅದೇ ಕೆರೆಯಲ್ಲಿ, ಗೆದ್ದವರಿಂದ ಗಂಟೆಯ ಬಾಡಿಗೆಗೆ ಗೊತ್ತಾದ ನನ್ನ ಸೋದರಳಿಯನ ಜೆಸಿಬಿ ಹೂಳೆತ್ತುತ್ತಿದೆ. ಉದ್ದ ತೋಳಿನ ಹಿಟಾಚಿಯನ್ನು ಊರಿನವರು ಇನ್ನೂ ನೋಡಿಲ್ಲ.