ದಿನಕ್ಕೆ 27 ತಾಸು ಆಟ

ತಪ್ಪೆಲ್ಲ ಮಕ್ಕಳದ್ದೇ. ದಿನಕ್ಕೆ ಬರೀ 27 ತಾಸು ಆಡಿ ಅಂದರೆ ಆಡಲಿಲ್ಲ.

ಕತೆ ಶುರುವಾಗಿದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲೊಬ್ಬ ಜಾಹೀರಾತಿನ ಮನುಷ್ಯನಿಗೆ ಒಂದು ಯಂತ್ರ ಕಣ್ಣಿಗೆ ಬಿತ್ತು. ಪಾರ್ಕಿನಲ್ಲಿ ಮಕ್ಕಳು ತಳ್ಳಿ, ಹತ್ತಿ, ಗಿರ್ರನೆ ಸುತ್ತುವ ಚಕ್ರ ಇರುತ್ತಲ್ಲ, ಅದರ ಕೆಳಗೆ ಬೋರ್‌ವೆಲ್ ಪಂಪು. ಮಕ್ಕಳು ಸುತ್ತಿದಷ್ಟೂ ನೀರು ಟ್ಯಾಂಕಿಗೆ ಏರುತ್ತದೆ. ಟ್ಯಾಂಕಿನ ನಾಲ್ಕೂ ಕಡೆ ಬೋರ್ಡು. ಅಲ್ಲಿ ಬರುವ ಜಾಹೀರಾತಿನ ದುಡ್ಡಲ್ಲಿ ರಿಪೇರಿ. (ಬಸ್ಸೇ ಬರದ ಊರಲ್ಲಿ ಯಾರಪ್ಪಾ ಜಾಹೀರಾತು ಹಾಕೋದು ಅಂತ ಕೇಳಬೇಡಿ. ಸುಮ್ನೆ ಅಪಶಕುನ.) ಹೆಸರು ಪ್ಲೇಪಂಪ್. ಒಂದಕ್ಕೆ ಸುಮಾರು 14,000 ಡಾಲರ್. ಅಷ್ಟು ದುಡ್ಡಿಗೆ ನಾಲ್ಕು ಕೈಪಂಪು ಬರುತ್ತಿತ್ತು.

ಆದರೆ ಕೈಪಂಪು ನೋಡಿ ಯಾರ ಕಣ್ಣಲ್ಲಿ ನೀರು ಬರುತ್ತೆ ಹೇಳಿ! ನಮ್ಮ ಹಳ್ಳಿ ಶಾಲೆಗಳ ಎದುರು ಕಿರ್ ಕಿರ್ ಅನ್ನುವ ಇಂಡಿಯಾ ಮಾರ್ಕ್-2 ಪಂಪು ಗೊತ್ತಲ್ಲ? ಅದೇ ಪಂಪು ಆಫ್ರಿಕಾದ ಎಷ್ಟೋ ಹಳ್ಳಿಗಳಲ್ಲೂ ಇದೆ. ಒತ್ತಿದರೆ ನೀರು ಬರುತ್ತದೆ, ಅಷ್ಟೇ. ಫೋಟೋದಲ್ಲಿ ಮಾತ್ರ ಒಂದು ಚೂರೂ ಚೆನ್ನಾಗಿ ಕಾಣಲ್ಲ. ಚಕ್ರದ ಮೇಲೆ ನಗುವ ಮಕ್ಕಳು, ಹಿಂದೆ ನೀಲಿ ಆಕಾಶ... ಆಹಾ, ಪರ್ಸು ತಾನಾಗೇ ತೆರೆದುಕೊಳ್ಳುತ್ತದೆ.

ತೆರೆದುಕೊಂಡಿತು ಕೂಡ. 2006ರಲ್ಲಿ ನ್ಯೂಯಾರ್ಕಿನಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಕರೆದ ಸಭೆಯಲ್ಲಿ, ಆಗಿನ ಅಧ್ಯಕ್ಷ ಜಾರ್ಜ್ ಬುಷ್ ಅವರ ಹೆಂಡತಿ ಲಾರಾ ಬುಷ್ ಎದ್ದು ನಿಂತು ಈ ಪಂಪಿಗೆ 1.64 ಕೋಟಿ ಡಾಲರ್ ಘೋಷಿಸಿದರು. ಕ್ಲಿಂಟನ್ನರ ಡೆಮಾಕ್ರಟಿಕ್, ಬುಷ್‌ರ ರಿಪಬ್ಲಿಕನ್, ಈ ಎರಡು ಎದುರಾಳಿ ಪಕ್ಷಗಳನ್ನು ಒಂದೇ ವೇದಿಕೆಗೆ ತಂದ ಕೀರ್ತಿ ಆ ಚಕ್ರಕ್ಕೇ ಸಲ್ಲಬೇಕು. 2010ರೊಳಗೆ 4,000 ಪಂಪು ಅಂತ ಗುರಿಯೂ ಆಯಿತು. ಕೆಲವು ಕಡೆ ಇದ್ದ ಕೈಪಂಪು ಕಿತ್ತೇ ಇದನ್ನು ಕೂರಿಸಿದರು.

2009ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯವರು ಕೂತು ಲೆಕ್ಕ ಹಾಕಿದರು. ಒಂದು ಪಂಪು ಹೇಳಿದಂತೆ 2,500 ಜನರಿಗೆ ನೀರು ಕೊಡಬೇಕಾದರೆ ಮಕ್ಕಳು ದಿನಕ್ಕೆ 27 ತಾಸು ಆಡಬೇಕು. ಇದೇನು ದೊಡ್ಡ ವಿಷಯ? ಭೂಮಿಯೂ ಒಂದು ಸುತ್ತುವ ಚಕ್ರವೇ ತಾನೇ. ಅದು ಸ್ವಲ್ಪ ನಿಧಾನಕ್ಕೆ ಸುತ್ತಿದ್ದರೆ ಆಗುತ್ತಿತ್ತು. ಅದೂ ಸಹಕರಿಸಲಿಲ್ಲ.

ಮಕ್ಕಳು ಸ್ಕೂಲಿಗೆ ಹೋದಾಗ, ಮಲಗಿದಾಗ, ಬೇಜಾರಾದಾಗ ಸುತ್ತಿಸಿದ್ದು ಯಾರು? ಅಮ್ಮಂದಿರು, ಅಜ್ಜಿಯಂದಿರು. ಚಕ್ರ ಮಕ್ಕಳ ಎತ್ತರಕ್ಕಿದೆ, ಇವರು ಸೊಂಟ ಬಗ್ಗಿಸಿ ತಳ್ಳಬೇಕು. ಈ ವಯಸ್ಸಲ್ಲಿ ಆಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತೆ ಅಲ್ವಾ? ಕೆಟ್ಟರೆ ಟ್ಯಾಂಕಿನ ಮೇಲೆ ಫೋನ್ ನಂಬರ್ ಇತ್ತು. ಫೋನ್ ಮಾಡಿ ತಿಂಗಳುಗಟ್ಟಲೆ ಕಾದರೂ ರಿಪೇರಿಯವರ ಪತ್ತೆಯಿಲ್ಲದ ಊರುಗಳಿದ್ದವು.

ಆಫ್ರಿಕಾದ ಮಲಾವಿ ದೇಶದಲ್ಲಿದ್ದ ಕೆನಡಾದ ಎಂಜಿನಿಯರ್ ಒಬ್ಬರು ಒಂದು ಸ್ವಾರಸ್ಯ ಬರೆದಿದ್ದಾರೆ. ಅವರು ಹೋದಾಗಲೆಲ್ಲ ಹೆಂಗಸರು, ಮಕ್ಕಳು ಕೈಯಲ್ಲಿ ಕಷ್ಟಪಟ್ಟು ತಳ್ಳುತ್ತಿದ್ದರಂತೆ. ಆಡುವವರು ಒಬ್ಬರೂ ಇಲ್ಲ. ಇವರು ಕ್ಯಾಮೆರಾ ತೆಗೆದದ್ದೇ ತಡ, ಮಕ್ಕಳಿಗೆ ಖುಷಿಯಾಗಿ ಆಟ ಶುರು!

ನೋಡಿ, ಗುಟ್ಟು ಅಲ್ಲಿದೆ. ಪಂಪು ಮಕ್ಕಳ ಶಕ್ತಿಯಿಂದ ನಡೆಯೋದೇ ಅಲ್ಲ, ಕ್ಯಾಮೆರಾದಿಂದ ನಡೆಯೋದು. ಊರಿಗೊಬ್ಬ ಫೋಟೋಗ್ರಾಫರನನ್ನು ಸಂಬಳಕ್ಕೆ ಇಟ್ಟಿದ್ದರೆ ನೀರೇ ನೀರು.

ನನ್ನದೂ ಒಂದು ಐಡಿಯಾ ಇದೆ. ಮುಂದಿನ ಸಲ ನ್ಯೂಯಾರ್ಕಿನಲ್ಲಿ ಇಂಥ ಸಭೆ ನಡೆದಾಗ, ಕಾಫಿ ಕೌಂಟರಿನ ಪಕ್ಕ ಆ ಚಕ್ರ ಒಂದನ್ನು ಕೂರಿಸೋಣ. ಕೋಟು ಬಿಚ್ಚಿ, ಸೊಂಟ ಬಗ್ಗಿಸಿ ತಳ್ಳಿದವರಿಗೆ ಮಾತ್ರ ಕಾಫಿಗೆ ನೀರು. ನಗುತ್ತಾ ತಳ್ಳಬೇಕು, ಫೋಟೋ ತೆಗೆಯೋಕೆ ಮಲಾವಿಯ ಅಜ್ಜಿಯರು ಬಂದಿರುತ್ತಾರೆ. ಕೆಟ್ಟರೆ ಗಾಬರಿ ಬೇಡ, ಮೇಲೆ ಫೋನ್ ನಂಬರ್ ಇದೆ.

ಆರು ತಿಂಗಳಲ್ಲಿ ಬರ್ತಾರೆ. ಅಲ್ಲೀತನಕ ಆಡ್ಕೊಂಡಿರಿ.