ಸ್ಪಷ್ಟನೆ: ನಿಗದಿತ ಜಾಬ್‌ನಲ್ಲಿ ಪ್ರಿಂಟ್ ಸಂದೇಶ ದಾಖಲಾಗುವುದಿಲ್ಲವೇ?

ಎಸ್‌ಕ್ಯೂಎಲ್ ಸರ್ವರ್ ಏಜೆಂಟ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್ ತಂತ್ರಾಂಶ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಕೆಲಸಗಳನ್ನು ನಿಗದಿತ ವೇಳೆಗೆ ನಡೆಸುವ ಸೇವೆ) ನಡೆಸುವ ನಿಗದಿತ ಜಾಬ್‌ಗಳಲ್ಲಿ ಪ್ರಿಂಟ್ ಆದೇಶದ ಮೂಲಕ ಬರೆದ ಸಂದೇಶಗಳು ಎಲ್ಲಿಯೂ ದಾಖಲಾಗುವುದಿಲ್ಲ, ದೋಷ ಎಸೆದರೆ ಮಾತ್ರ ಏನಾದರೂ ಉಳಿಯುತ್ತದೆ ಎಂಬ ಮಾತು ಹರಿದಾಡುತ್ತಿದೆ. ಇದು ಸರಿಯಲ್ಲ.

ಜಾಬ್‌ನ ಟಿ-ಎಸ್‌ಕ್ಯೂಎಲ್ (ಎಸ್‌ಕ್ಯೂಎಲ್ ಸರ್ವರ್‌ನ ಆದೇಶ ಭಾಷೆ) ಹಂತದಲ್ಲಿ ಮುದ್ರಿಸಿದ ಸಂದೇಶವು ಎಂಎಸ್‌ಡಿಬಿ ಎಂಬ ವ್ಯವಸ್ಥಾ ಡೇಟಾಬೇಸ್‌ನಲ್ಲಿ ಜಾಬ್‌ಗಳ ಇತಿಹಾಸವಿಡುವ ಸಿಸ್‌ಜಾಬ್‌ಹಿಸ್ಟರಿ ಕೋಷ್ಟಕಕ್ಕೆ ಸೇರುತ್ತದೆ. ಆದರೆ ಅಲ್ಲಿನ ಸಂದೇಶದ ಅಂಕಣ ಹಿಡಿಸುವುದು 4000 ಅಕ್ಷರಗಳನ್ನು ಮಾತ್ರ. ಪ್ರತಿ ಸಾಲಿಗೂ ಏಜೆಂಟ್ ತಾನೇ ಅಂಟಿಸುವ ಎಸ್‌ಕ್ಯೂಎಲ್‌ಸ್ಟೇಟ್ 01000 ಎಂಬ ಸ್ಥಿತಿ ಸಂಕೇತದ ಬಾಲವೂ ಈ ಮಿತಿಯನ್ನೇ ತಿನ್ನುವುದರಿಂದ, ಲೂಪಿನೊಳಗೆ ಧಾರಾಳವಾಗಿ ಮುದ್ರಿಸುವವರಿಗೆ ಕೊನೆಯ ಸಾಲುಗಳು ಕಾಣೆಯಾಗುತ್ತವೆ. ತಪ್ಪು ಕಲ್ಪನೆ ಹುಟ್ಟಿದ್ದು ಬಹುಶಃ ಇಲ್ಲಿಂದಲೇ. ಪೂರ್ಣ ಪಠ್ಯ ಬೇಕಾದರೆ ಹಂತದ ಸುಧಾರಿತ ಆಯ್ಕೆಗಳಲ್ಲಿ ಔಟ್‌ಪುಟ್ ಫೈಲನ್ನಾಗಲಿ, ಕೋಷ್ಟಕಕ್ಕೆ ದಾಖಲಿಸುವ ಆಯ್ಕೆಯನ್ನಾಗಲಿ ಬಳಸಬಹುದು. ಪೂರ್ವನಿಯೋಜಿತವಾಗಿ ಇತಿಹಾಸದಲ್ಲಿ ಒಟ್ಟು 1000 ಸಾಲು, ಪ್ರತಿ ಜಾಬ್‌ಗೆ 100 ಸಾಲು ಮಾತ್ರ ಉಳಿಯುತ್ತವೆ ಎಂಬುದೂ ಗಮನದಲ್ಲಿರಲಿ.

ದೋಷ ಎಸೆಯುವ ರೈಸ್‌ಎರರ್ ಆದೇಶ ಬಳಸಿದರೆ ಹಂತ ವಿಫಲವಾಗಿಯೇ ತೀರುತ್ತದೆ ಎಂಬುದೂ ಅರ್ಧಸತ್ಯ. ತೀವ್ರತೆ 10 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅದು ಕೇವಲ ಮಾಹಿತಿ. ಆ ಆದೇಶಕ್ಕೆ ವಿತ್ ಲಾಗ್ ಆಯ್ಕೆ ಸೇರಿಸಿದರೆ ಅದೇ ಸಂದೇಶ ಸರ್ವರ್‌ನ ಎರರ್ ಲಾಗ್‌ಗೂ ಹೋಗುತ್ತದೆ, ಇದಕ್ಕೆ ಸೂಕ್ತ ಅನುಮತಿ ಬೇಕು.

ಸ್ವಂತ ಲಾಗ್ ಕೋಷ್ಟಕವೇ ಲೇಸು ಎನ್ನುವವರ ವಾದವನ್ನು ನಾನೂ ಒಪ್ಪುತ್ತೇನೆ, ಒಂದು ಷರತ್ತಿನೊಂದಿಗೆ: ವಹಿವಾಟಿನೊಳಗೆ (ಟ್ರಾನ್ಸಾಕ್ಷನ್) ಸೇರಿಸಿದ ಸಾಲು, ಆ ವಹಿವಾಟು ರೋಲ್‌ಬ್ಯಾಕ್ ಆದಾಗ, ಅಂದರೆ ರದ್ದಾಗಿ ಹಿಂದಿನ ಸ್ಥಿತಿಗೆ ಮರಳಿದಾಗ, ಅದರೊಡನೆಯೇ ಅಳಿಸಿಹೋಗುತ್ತದೆ, ಅಂದರೆ ಲಾಗ್ ಅತ್ಯಂತ ಅಗತ್ಯವಿದ್ದ ಹೊತ್ತಿನಲ್ಲೇ ಕೋಷ್ಟಕ ಖಾಲಿಯಾಗಿರುತ್ತದೆ. ಸಂದೇಶಗಳನ್ನು ಮೊದಲು ಟೇಬಲ್ ವೇರಿಯಬಲ್‌ನಲ್ಲಿ (ಕೋಷ್ಟಕದ ರೂಪದ ತಾತ್ಕಾಲಿಕ ಚರಾಂಶ) ಕೂಡಿಟ್ಟರೆ ಅವು ರೋಲ್‌ಬ್ಯಾಕ್‌ಗೆ ಒಳಗಾಗುವುದಿಲ್ಲವಾದ್ದರಿಂದ, ಆ ಬಳಿಕ ಅವನ್ನು ಲಾಗ್ ಕೋಷ್ಟಕಕ್ಕೆ ಬರೆಯಬಹುದು.